ಹಡಗಿಲ್ಲದ ಹಡಗಲಿಯಿಂದ ನೇತ್ರಾಣಿಗೆ

ನಮ್ಮೂರಿನ ಹೆಸರಿನಲ್ಲಿ ಹಡಗು ಇದೆ. ಊರಿನಲ್ಲಿ ಮಾತ್ರ ಇಲ್ಲ. ಪಕ್ಕದ ಹೂವಿನಹಡಗಲಿಯಿಂದ ವಿಜಯನಗರದ ಅರಸರ ಕಾಲದಲ್ಲಿ ಹೂವು ತುಂಬಿದ ಹಡಗುಗಳು ತುಂಗಭದ್ರೆಯ ಮೇಲೆ ಹಂಪಿಗೆ ಹೋಗುತ್ತಿದ್ದವು, ಅದಕ್ಕೇ ಈ ಹೆಸರು ಬಂತು ಎಂದು ಹಿರಿಯರು ಹೇಳುತ್ತಾರೆ. ನಾನು ವಿಜ್ಞಾನದ ಮೇಷ್ಟ್ರು. ಯಾವ ಕಥೆ ಕೇಳಿದರೂ ಆಧಾರವೇನು ಎನ್ನುವುದು ನನ್ನ ಚಾಳಿ. ಈ ಒಂದು ಕಥೆಗೆ ಮಾತ್ರ ಇದುವರೆಗೆ ಆಧಾರ ಕೇಳಿಲ್ಲ.

ಹಿರೇಹಡಗಲಿಯನ್ನು ಇತಿಹಾಸ ಓದಿದವರು ಬಲ್ಲರು. ಪಲ್ಲವರ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಪಟಗಳು ಸಿಕ್ಕಿದ್ದು ಇಲ್ಲಿಯೇ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಮಂತ್ರಿ ದೇಮರಸ 1057ರಲ್ಲಿ ಕಟ್ಟಿಸಿದ ಕಲ್ಲೇಶ್ವರ ಗುಡಿ ಇಂದಿಗೂ ನೋಡುವಂತಿದೆ. ಆದರೆ ಸಮುದ್ರ? ಅದು ಘಟ್ಟದ ಆಚೆ. ನಮ್ಮ ಶಾಲೆಯ ಮಕ್ಕಳಿಗೆ ಸಮುದ್ರವೆಂದರೆ ಭೂಪಟದ ಎಡಗಡೆಯ ನೀಲಿ ಬಣ್ಣ, ಅಷ್ಟೆ. ಇಂಥ ಊರಿನ ಒಬ್ಬ ಹುಡುಗಿಗೆ ಆ ನೀಲಿಯ ಹುಚ್ಚು ಹಿಡಿಯಿತು. ಅವಳ ತಂದೆಯನ್ನು ಕರೆದುಕೊಂಡು ನಾವು ಮೂವರೂ ಸಮುದ್ರ ನೋಡಿ ಬಂದದ್ದನ್ನು ಇಲ್ಲಿ ಹೇಳುತ್ತೇನೆ. ಹೆಸರು ಬರೆಯಬೇಡಿ ಸರ ಎಂದಿದ್ದಾಳೆ. ಆದ್ದರಿಂದ ಹುಡುಗಿ ಎಂದೇ ಕರೆಯುತ್ತೇನೆ.

ಅವಳು ಎಂಟನೆಯ ತರಗತಿಯಲ್ಲಿದ್ದಾಗ ನಾವೊಂದು ಪ್ರಯೋಗ ಮಾಡಿದ್ದೆವು. ಸೀಸೆಗೆ ಕಲ್ಲು ಕಟ್ಟಿ, ಬಿರಡೆ ಹಾಕಿ, ಬಿರಡೆಗೆ ಬೇರೆ ದಾರ ಕಟ್ಟಿ ಬಾವಿಗೆ ಇಳಿಬಿಡುವುದು. ಬೇಕಾದ ಆಳ ಮುಟ್ಟಿದ ಮೇಲೆ ಬಿರಡೆಯ ದಾರ ಎಳೆದರೆ ಆ ಆಳದ ನೀರು ಸೀಸೆ ತುಂಬುತ್ತದೆ. ಥಟ್ಟನೆ ಮೇಲಕ್ಕೆಳೆದು ಉಷ್ಣಮಾಪಕ ಇಟ್ಟು ನೋಡಬೇಕು. ಖರ್ಚಿಲ್ಲದ ಪ್ರಯೋಗ. ಈಗ ಕೊಳವೆ ಬಾವಿಗಳ ಕಾಲ, ತೆರೆದ ಬಾವಿಗಳೇ ಅಪರೂಪ. ಪುಣ್ಯಕ್ಕೆ ಈ ಹುಡುಗಿಯ ಮನೆಯ ಮಲ್ಲಿಗೆ ತೋಟದಲ್ಲಿ ಒಂದಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ ಮೇಲಿನ ನೀರಿಗೂ ತಳದ ನೀರಿಗೂ ನಾಲ್ಕು ಡಿಗ್ರಿ ವ್ಯತ್ಯಾಸ ಬಂತು. ಉಳಿದ ಮಕ್ಕಳು ಬರೆದುಕೊಂಡು ಮನೆಗೆ ಹೋದರು. ಇವಳು ಮಾತ್ರ, "ಬಿಸಿ ಎಲ್ಲಿ ಮುಗೀತೈತಿ, ತಂಪು ಎಲ್ಲಿ ಸುರುವಾಗತೈತಿ ಸರ?" ಎಂದು ಕೇಳಿ ಸಂಜೆಯವರೆಗೆ ಮೊಳ ಮೊಳಕ್ಕೂ ಸೀಸೆ ಇಳಿಸಿದಳು.

2025ರ ಜನವರಿಯಲ್ಲಿ, ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ, ಮನೆಗೆ ಬಂದು ಕುಳಿತಳು. ಪ್ರಾಣಿಶಾಸ್ತ್ರದಲ್ಲಿ ಒಳ್ಳೆಯ ಅಂಕಗಳಿದ್ದವು. "ಎಂ.ಎಸ್ಸಿ. ಆಮೇಲೆ ಪಿಎಚ್.ಡಿ. ಮಾಡಬೇಕು ಸರ. ಕಡಲಿನ ಶಾಖದ ಅಲೆಗಳು ಆಳದ ಹವಳದ ದಿಬ್ಬಗಳನ್ನ ಏನು ಮಾಡ್ತಾವು ಅನ್ನೋದರ ಮ್ಯಾಲ" ಎಂದಳು. ಮೂವತ್ತು ವರ್ಷ ಪಾಠ ಮಾಡಿದ ನಾನು, ಹಾಗೆಂದರೇನು ಎಂದು ಶಿಷ್ಯೆಯನ್ನೇ ಕೇಳಬೇಕಾಯಿತು. ಇಂಥ ನಾಚಿಕೆ ಮೇಷ್ಟ್ರ ಕೆಲಸದಲ್ಲಿ ದೊರೆಯುವ ದೊಡ್ಡ ಬಹುಮಾನ.

ತಂದೆಯದು ಬೇರೆ ಯೋಚನೆ. "ನಿಮ್ಮಂಗ ಬಿ.ಎಡ್. ಮಾಡಲಿ ಸರ. ಊರ ಸಮೀಪ ನೌಕರಿ ಸಿಗತೈತಿ. ಸಮುದ್ರದಾಗ ಹೆಣ್ಣುಹುಡುಗಿಗೆ ಏನ ಕೆಲಸ?" ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ನಾಲಿಗೆ ಏಳಲಿಲ್ಲ. ನನಗೂ ಎಂ.ಎಸ್ಸಿ. ಓದುವ ಆಸೆಯಿತ್ತು. ಮನೆಯ ಪರಿಸ್ಥಿತಿ ನೋಡಿ ಬಿ.ಎಡ್. ಮಾಡಿದೆ. ಪಶ್ಚಾತ್ತಾಪವಿಲ್ಲ, ಆದರೆ ನನ್ನ ದಾರಿಯನ್ನು ಇನ್ನೊಬ್ಬರಿಗೆ ಒಳ್ಳೆಯ ದಾರಿ ಎಂದು ತೋರಿಸುವ ಧೈರ್ಯವೂ ಇಲ್ಲ. "ಯಜಮಾನ್ರೇ, ನೀವು ಸಮುದ್ರ ನೋಡೀರೇನು?" ಎಂದೆ. ಇಲ್ಲ ಎಂದರು. "ನೋಡದೆ ಬ್ಯಾಡ ಅನ್ನಬ್ಯಾಡ್ರಿ. ಒಮ್ಮೆ ನೋಡಿ ಬರೋಣ."

ಮೈಲಾರದ ಜಾತ್ರೆ ಮುಗಿದ ವಾರ, ಫೆಬ್ರುವರಿಯಲ್ಲಿ ಹೊರಟೆವು. ಮಲ್ಲಿಗೆ ಬಿಡಿಸಲು ಆಳು ಗೊತ್ತುಮಾಡುವಷ್ಟರಲ್ಲಿ ಯಜಮಾನರಿಗೆ ಸಾಕಾಗಿತ್ತು. ಮನೆಯವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಟ್ಟರು; ಮೂರು ಜನಕ್ಕೆ ಕಟ್ಟಿದ್ದು ಹತ್ತು ಜನಕ್ಕೆ ಸಾಕಾಗುವಂತಿತ್ತು. ತುಂಗಭದ್ರೆ ದಾಟಿ ಹಾವೇರಿ, ಅಲ್ಲಿಂದ ಶಿರಸಿ, ಸಿದ್ದಾಪುರ, ಮಾವಿನಗುಂಡಿ, ಮುಂದೆ ಗೇರುಸೊಪ್ಪ ಘಟ್ಟ ಇಳಿದು ಹೊನ್ನಾವರ. ಬಯಲುಸೀಮೆಯ ಕಣ್ಣಿಗೆ ಆ ಹಸಿರು ಸಾಲ ಮಾಡಿ ತಂದಷ್ಟು ಹೆಚ್ಚೆನಿಸುತ್ತದೆ. ಯಜಮಾನರು ಕಿಟಕಿಯಿಂದ ಮುಖ ತೆಗೆಯಲಿಲ್ಲ. "ಇಷ್ಟು ಮಳಿ ಇಲ್ಲೇ ಸುರಿದು ಖಾಲಿ ಆದ್ರ ನಮಗೇನು ಉಳೀತೈತಿ" ಎಂದದ್ದು ಮಳೆಯ ನೆರಳಿನ ಸೀಮೆಯ ಬಗ್ಗೆ ನಾನು ಕೇಳಿದ ಅತ್ಯಂತ ಚಿಕ್ಕ ಪಾಠ.

ಮುರುಡೇಶ್ವರ ತಲುಪಿದಾಗ ಸಂಜೆ. ಇಪ್ಪತ್ತು ಅಂತಸ್ತಿನ ರಾಜಗೋಪುರ, 123 ಅಡಿಯ ಶಿವನ ಮೂರ್ತಿ ಎಲ್ಲರೂ ಬಲ್ಲ ಸಂಗತಿ, ಅದನ್ನು ಬಿಡುತ್ತೇನೆ. ಯಜಮಾನರು ಶಿವನಿಗೆ ಕೈಮುಗಿದು ಸಮುದ್ರದ ಕಡೆ ತಿರುಗಿ ಬಹಳ ಹೊತ್ತು ನಿಂತರು. ಆಮೇಲೆ ಕೇಳಿದ್ದು ಒಂದೇ ಮಾತು: "ಆ ಕಡಿ ದಂಡಿ ಎಲ್ಲೈತಿ?"

ನೇತ್ರಾಣಿ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಸಮುದ್ರದೊಳಗಿದೆ. ಮರುದಿನ ಬೆಳಿಗ್ಗೆ ದೋಣಿ ಹತ್ತಿದೆವು. ಒಂದೂವರೆ ಗಂಟೆಯ ಪಯಣದಲ್ಲಿ ಮೊದಲ ಅರ್ಧ ಗಂಟೆ ಮಾತ್ರ ನಾನು ವಿವರಣೆ ಕೊಡುವ ಸ್ಥಿತಿಯಲ್ಲಿದ್ದೆ. ಉಳಿದದ್ದನ್ನು ಹೊಟ್ಟೆ ಹಿಡಿದುಕೊಂಡು ಕಳೆದೆ. ಮೇಲಿನಿಂದ ನೋಡಿದರೆ ದ್ವೀಪ ಹೃದಯದ ಆಕಾರದಲ್ಲಿದೆ. ದೋಣಿಯಿಂದ ಕಾಣುವುದು ನೇರವಾಗಿ ಎದ್ದ ಬಂಡೆಗಳು, ಮೇಲೆ ಕಾಡು, ಅದರ ಮೇಲೆ ಬಿಳಿ ಹೊಟ್ಟೆಯ ಕಡಲ ಹದ್ದುಗಳ ಸುತ್ತಾಟ. ಒಂದು ಕಾಲಕ್ಕೆ ನೌಕಾಪಡೆಯವರು ಗುಂಡಿನ ಗುರಿ ಅಭ್ಯಾಸಕ್ಕೆ ಇದನ್ನು ಬಳಸುತ್ತಿದ್ದರು. ಈ ಬಂಡೆಗಳ ಬುಡದಲ್ಲಿಯೇ ಕರ್ನಾಟಕದ ಹವಳಗಳಿವೆ.

ಹವಳ ಎಂದೊಡನೆ ನಮಗೆ ನೆನಪಾಗುವುದು ಕೊರಳಿನ ಸರ. ದಿಬ್ಬ ಕಟ್ಟುವ ಹವಳ ಬೇರೆ. ಅದು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಪಾಲಿಪ್ ಎಂಬ ಸಣ್ಣ ಸಣ್ಣ ಜೀವಿಗಳು ಒಟ್ಟಾಗಿ ಬಾಳುತ್ತ ತಮ್ಮ ಸುತ್ತ ಸುಣ್ಣದ ಮನೆ ಕಟ್ಟಿಕೊಳ್ಳುತ್ತವೆ. ಸಾವಿರಾರು ವರ್ಷಗಳಲ್ಲಿ ಆ ಮನೆಗಳೇ ದಿಬ್ಬಗಳಾಗುತ್ತವೆ. ಪ್ರತಿ ಪಾಲಿಪ್‌ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ಬಹುಪಾಲನ್ನು ಮನೆಯ ಯಜಮಾನನಿಗೆ ಕೊಡುತ್ತದೆ. ಬಣ್ಣವೂ ಹೆಚ್ಚಾಗಿ ಅದರದ್ದೇ. ನೀರು ಅತಿ ಬಿಸಿಯಾದರೆ ಈ ಸಂಸಾರ ಒಡೆಯುತ್ತದೆ. ಹವಳ ಪಾಚಿಯನ್ನು ಹೊರಹಾಕುತ್ತದೆ, ಬಣ್ಣ ಹೋಗಿ ಒಳಗಿನ ಸುಣ್ಣ ಬೆಳ್ಳಗೆ ಕಾಣುತ್ತದೆ. ಇದಕ್ಕೆ ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ, ಉಪವಾಸ ಬೀಳುತ್ತದೆ. ಬೇಗ ತಂಪಾದರೆ ಪಾಚಿ ಮರಳಿ ಸೇರಬಹುದು, ಇಲ್ಲವಾದರೆ ಮುಗಿಯಿತು.

ಎಷ್ಟು ಬಿಸಿಯಾದರೆ ಅತಿ? ವಾಡಿಕೆಯ ಬೇಸಿಗೆಗಿಂತ ಒಂದು ಡಿಗ್ರಿ ಸೆಲ್ಷಿಯಸ್ ಹೆಚ್ಚು ಶಾಖ ನಾಲ್ಕು ವಾರ ನಿಂತರೆ ಬಿಳಿಚಲು ಸಾಕು. ಎಂಟು ವಾರವಾದರೆ ಸಾವು. ನಮ್ಮ ಬಯಲುಸೀಮೆಯಲ್ಲಿ ಒಂದು ಡಿಗ್ರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗೆಯೇ, ಒಂದು ಜಾಗದ ಕಡಲ ನೀರು ಆ ಋತುವಿನ ವಾಡಿಕೆಯನ್ನು ಬಹುವಾಗಿ ಮೀರಿ ಕನಿಷ್ಠ ಐದು ದಿನ ಬಿಸಿಯಾಗಿಯೇ ಉಳಿದರೆ ಅದನ್ನು ಕಡಲಿನ ಶಾಖದ ಅಲೆ ಎಂದು ಕರೆಯುತ್ತಾರೆ. ಐದು ದಿನ ಕನಿಷ್ಠ ಮಾತ್ರ. ಅಲೆಗಳು ತಿಂಗಳುಗಟ್ಟಲೆ ನಿಂತದ್ದೂ ಇದೆ. ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು 2024ರ ಮೇ ತಿಂಗಳಲ್ಲಿ ಲಕ್ಷದ್ವೀಪದ ಹವಳಗಳು ತೀವ್ರವಾಗಿ ಬಿಳಿಚಿವೆ ಎಂದು ಪ್ರಕಟಿಸಿದಾಗ, ಅಲ್ಲಿನ ಶಾಖದ ಅಲೆ 2023ರ ಅಕ್ಟೋಬರ್ 27ರಿಂದಲೇ ಶುರುವಾಗಿತ್ತು ಎಂದು ತಿಳಿಸಿದ್ದರು.

ಇಷ್ಟನ್ನು ಹುಡುಗಿ ದೋಣಿಯಲ್ಲಿ ತಂದೆಗೆ ಹೇಳುತ್ತಿದ್ದಳು. ಅವರು ಹೂಂಗುಟ್ಟುತ್ತಿದ್ದರೇ ಹೊರತು ಕಣ್ಣು ನೀರಿನ ಮೇಲೆಯೇ ಇತ್ತು. ಮುಖವಾಡ, ಉಸಿರಾಟದ ಕೊಳವೆ ಕೊಟ್ಟು ಯಾರು ಇಳಿಯುತ್ತೀರಿ ಎಂದು ದೋಣಿಯವರು ಕೇಳಿದರು. ನನಗೆ ಈಜು ಬಾರದು. ಹವಳದ ಬಗ್ಗೆ ಪಾಠ ಮಾಡಲು ಬಂದ ಮೇಷ್ಟ್ರು ತೇಲುಜಾಕೀಟು ಕಟ್ಟಿಕೊಂಡು ದೋಣಿಯ ಏಣಿ ಹಿಡಿದು ಕುಳಿತರೆ, ಬರಲೊಲ್ಲೆ ಎಂದಿದ್ದ ರೈತರು ಅಂಗಿ, ಧೋತರ ಕಳಚಿಟ್ಟು ಪಟಾಪಟಿ ಚಡ್ಡಿಯಲ್ಲಿ ನೀರಿಗೆ ಹಾರಿಯೇಬಿಟ್ಟರು! ಹೊಳೆಯಲ್ಲಿ, ಬಾವಿಯಲ್ಲಿ ಐವತ್ತು ವರ್ಷ ಈಜಿದ ದೇಹ. ಮಗಳು ಹಿಂದೆಯೇ ಇಳಿದಳು. ಅರ್ಧ ಗಂಟೆ ನನಗೆ ಕಂಡದ್ದು ಎರಡು ತಲೆ, ಎರಡು ಕೊಳವೆ, ಆಗಾಗ ಏನನ್ನೋ ತೋರಿಸುವ ಒಂದು ಕೈ.

ಮೇಲೆ ಬಂದಾಗ ಯಜಮಾನರು ತಲೆಯನ್ನೂ ಒರೆಸಿಕೊಳ್ಳದೆ ಮಾತಿಗೆ ತೊಡಗಿದರು. ಬಂಡೆಗಳ ಮೇಲೆ ಎಲೆಕೋಸು ಅರಳಿದ ಹಾಗಿತ್ತಂತೆ. ಹಸಿರು ಮೀನೊಂದು ಗಿಳಿಯಂಥ ಕೊಕ್ಕಿನಿಂದ ಬಂಡೆ ಕಡಿಯುವ ಸಪ್ಪಳ ನೀರಿನೊಳಗೆ ಕಿವಿಗೆ ಕೇಳಿಸಿತಂತೆ. ಒಂದು ಕಡೆ ಹಸ್ತದಗಲ ಬೆಳ್ಳಗಿತ್ತು, ಅದು ಬಿಳಿಚಿದ್ದೇ ಎಂದು ಮಗಳನ್ನು ಕೇಳಿದರು. "ಗೊತ್ತಿಲ್ಲಪ್ಪಾ. ಮೀನು ಕಡಿದದ್ದೂ ಇರಬಹುದು. ಒಂದ ಸಲ ನೋಡಿದರ ಹೇಳಾಕ ಬರೂದಿಲ್ಲ, ಅದ ಜಾಗ ವರ್ಷಾನುಗಟ್ಟಲೆ ನೋಡಬೇಕು" ಎಂದಳು. ಗೊತ್ತಿಲ್ಲ ಎನ್ನಲು ಅವಳಿಗೆ ಬರುತ್ತದೆ. ನನಗೆ ಆ ಕ್ಷಣವೇ ಅನ್ನಿಸಿತು, ಇವಳು ಸಂಶೋಧನೆ ಮಾಡಬಲ್ಲಳು.

ವರ್ಷಾನುಗಟ್ಟಲೆ ನೋಡಿದವರು ಇದ್ದಾರೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎಂಬ ಸಂಸ್ಥೆ 1996ರಲ್ಲಿ ಆರಂಭವಾದದ್ದು ಮೈಸೂರಿನಲ್ಲಿ. ಮೈಸೂರಿನಲ್ಲಿಯೂ ಸಮುದ್ರವಿಲ್ಲ ಎಂಬುದನ್ನು ಪಾಲಕರು ಗಮನಿಸಬೇಕು. ಅಲ್ಲಿನ ರೋಹನ್ ಆರ್ಥರ್ ತಮ್ಮ ಡಾಕ್ಟರೇಟ್ ಸಂಶೋಧನೆಗೆ ಆರಿಸಿಕೊಂಡದ್ದು ಲಕ್ಷದ್ವೀಪದ ಹವಳಗಳು ಹೇಗೆ ಚೇತರಿಸಿಕೊಳ್ಳುತ್ತವೆ ಎಂಬುದನ್ನು. ಆಸ್ಟ್ರೇಲಿಯಾದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಿಂದ ಪದವಿ ಬಂದ ಮೇಲೂ ಅವರು ಅದನ್ನು ಬಿಡಲಿಲ್ಲ. ಅವರೂ ಸಂಗಡಿಗರೂ ಅಗತ್ತಿ, ಕದ್ಮತ್, ಕವರತ್ತಿ ದ್ವೀಪಗಳಲ್ಲಿ 1998ರಿಂದ 2022ರವರೆಗೆ ಲೆಕ್ಕ ಇಟ್ಟರು. ಆರಂಭದಲ್ಲಿ ಸಮುದ್ರತಳದ ಶೇ 37ರಷ್ಟು ಭಾಗದಲ್ಲಿದ್ದ ಜೀವಂತ ಹವಳ ಕೊನೆಗೆ ಶೇ 19ರ ಸುಮಾರಿಗೆ ಇಳಿದಿತ್ತು. ಈ ಅವಧಿಯಲ್ಲಿ 1998, 2010, 2016ರಲ್ಲಿ ಮೂರು ದೊಡ್ಡ ಶಾಖದ ಹೊಡೆತಗಳು ಬಿದ್ದವು. ಮೊದಲ ಎರಡರ ನಡುವೆ ಹನ್ನೆರಡು ವರ್ಷ, ಆಮೇಲಿನ ಎರಡರ ನಡುವೆ ಆರೇ ವರ್ಷ. ಬರದ ಮೇಲೆ ಬರ ಬಂದರೆ ರೈತನಿಗೆ ಎತ್ತು ಕೊಳ್ಳಲು ಪುರಸೊತ್ತೆಲ್ಲಿ? ಜಗತ್ತಿನ ಲೆಕ್ಕವೂ ಹೀಗೆಯೇ ಇದೆ: 2023ರ ಜನವರಿಯಿಂದ 2025ರ ಮಾರ್ಚ್‌ವರೆಗೆ ಭೂಮಿಯ ಹವಳದ ದಿಬ್ಬಗಳಲ್ಲಿ ಶೇ 84ರಷ್ಟು ಬಿಳಿಚುವ ಮಟ್ಟದ ಶಾಖಕ್ಕೆ ಸಿಕ್ಕಿದ್ದವು.

ಯಜಮಾನರು ರೊಟ್ಟಿ ಮುರಿಯುತ್ತ ಸುಮ್ಮನೆ ಕೇಳುತ್ತಿದ್ದವರು ನಡುವೆ ತಡೆದರು. "ತಡಿ ಯವ್ವಾ. ಬಾವ್ಯಾಗ ಈಜಾಕ ಇಳಿದರ ಎದಿಮಟ ಬೆಚ್ಚಗ ಇರತೈತಿ, ಕಾಲಿಗೆ ತಂಪು ಕೊರೀತೈತಿ. ಸಮುದ್ರದಾಗೂ ಹಂಗ ಇರಬೇಕಲ್ಲ? ಮ್ಯಾಲಿನ ಹವಳ ಸತ್ತರೂ ತಳದಾಗಿನವು ಉಳೀಬೇಕಲ್ಲ?"

ಹುಡುಗಿ ನನ್ನ ಮುಖ ನೋಡಿದಳು. ಅವಳ ಪಿಎಚ್.ಡಿ.ಯ ಪ್ರಶ್ನೆಯನ್ನು ಅಪ್ಪ ರೊಟ್ಟಿಯ ಜೊತೆ ಎತ್ತಿ ಇಟ್ಟಿದ್ದರು.

ವಿಜ್ಞಾನಿಗಳೂ ಬಹುಕಾಲ ಹೀಗೆಯೇ ಆಶಿಸಿದ್ದರು. ಬಹುಮಟ್ಟಿಗೆ ಹವಳಗಳನ್ನು ಅಧ್ಯಯನ ಮಾಡಿರುವುದು ಮುಳುಗುಗಾರರು ಸುಲಭವಾಗಿ ಇಳಿಯಬಲ್ಲ ಆಳದಲ್ಲಿ. ಆದರೆ 30 ಮೀಟರಿನಿಂದ ಸುಮಾರು 150 ಮೀಟರ್ ಆಳದವರೆಗೂ, ಮಬ್ಬು ಬೆಳಕಿನಲ್ಲಿ, ಹವಳಗಳು ಬಾಳುತ್ತವೆ. ಬಾವಿಯಲ್ಲಿರುವಂತೆ ಕಡಲಿನಲ್ಲೂ ಬೆಚ್ಚನೆಯ ಮೇಲ್ಪದರದ ಕೆಳಗೆ ಉಷ್ಣತೆ ಥಟ್ಟನೆ ಇಳಿಯುವ ಒಂದು ಪದರವಿದೆ. ಥರ್ಮೋಕ್ಲೈನ್ ಎಂದು ಅದರ ಹೆಸರು. ಅದರ ಕೆಳಗಿನ ಹವಳಗಳು ಶಾಖದಿಂದ ಪಾರಾಗಿ, ಮೇಲಿನವು ಸತ್ತಾಗ ಮತ್ತೆ ಬೀಜ ಒದಗಿಸಬಹುದೆಂಬ ನಿರೀಕ್ಷೆ. "ಹಗೇದಾಗ ಜೋಳ ಇಟ್ಟಂಗ" ಎಂದರು ಯಜಮಾನರು. ನೆಲದೊಳಗೆ ಕಾಳು ಇಡುವ ಹಗೇವು ಈಗಿನ ಮಕ್ಕಳಿಗೆ ಗೊತ್ತಿರಲಾರದು; ಬರಗಾಲದಲ್ಲಿ ನಮ್ಮ ಸೀಮೆಯನ್ನು ಬದುಕಿಸಿದ್ದು ಅದೇ.

"ಅಲ್ಲೇ ಇರೂದಪ್ಪಾ ಸಮಸ್ಯಾ" ಎಂದು ಹುಡುಗಿ ಹೇಳಿದ್ದು ಚಾಗೋಸ್‌ನ ಕಥೆ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಇವು ಮೂರೂ ಹಿಂದೂ ಮಹಾಸಾಗರದಡಿಯ ಒಂದೇ ಏಣಿನ ಮೇಲಿರುವ ದ್ವೀಪಮಾಲೆಗಳು. 2019ರ ನವೆಂಬರ್‌ನಲ್ಲಿ ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದವರು ಚಾಗೋಸ್‌ನ ಎಗ್ಮಂಟ್ ಎಂಬಲ್ಲಿ ಯಂತ್ರಕ್ಕೆ ಕ್ಯಾಮರಾ ಕಟ್ಟಿ ಆಳಕ್ಕೆ ಇಳಿಸಿದರು. ಮೇಲಿನ ಹವಳಗಳು ಬಣ್ಣಬಣ್ಣವಾಗಿ ಚೆನ್ನಾಗಿಯೇ ಇದ್ದವು. 90 ಮೀಟರ್ ಆಳದಲ್ಲಿ ಬೆಳ್ಳಗಾದ ಹವಳಗಳು! ಕೆಲವು ಭಾಗಗಳಲ್ಲಿ ಶೇ 80ರವರೆಗೆ ಬಿಳಿಚಿದ್ದವು. ಅಂಥ ಆಳದಲ್ಲಿ ಬಿಳಿಚುವಿಕೆಯನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಅಲ್ಲಿಯೇ ಡಾಕ್ಟರೇಟಿಗೆ ಓದುತ್ತಿದ್ದ ಕ್ಲಾರಾ ಡಿಯಾಜ್ ಮತ್ತು ಸಂಗಡಿಗರು 2023ರಲ್ಲಿ ಕಾರಣವನ್ನು ಪ್ರಕಟಿಸಿದರು. ಬೆಚ್ಚನೆಯ ನೀರು ಮತ್ತು ತಣ್ಣನೆಯ ನೀರಿನ ನಡುವಿನ ಗಡಿಯೇ ಕೆಳಕ್ಕೆ ಜಾರಿತ್ತು. ಆ ಆಳದ ಉಷ್ಣತೆ 22 ಡಿಗ್ರಿಯಿಂದ 29ಕ್ಕೆ ಏರಿತ್ತು. ಮೇಲ್ಮೈಯನ್ನಷ್ಟೇ ನೋಡುವ ಉಪಗ್ರಹಕ್ಕೆ ಇದು ಕಾಣುವಂಥದ್ದಲ್ಲ.

ಗಡಿ ಜಾರಿದ್ದೇಕೆ? ಇಲ್ಲಿ ಕಥೆ ಮರಳಿ ನಮ್ಮ ನಾಡಿಗೆ ಬರುತ್ತದೆ. ಕೆಲವು ವರ್ಷ ಹಿಂದೂ ಮಹಾಸಾಗರದ ಪೂರ್ವಭಾಗ, ಸುಮಾತ್ರದ ಕಡೆ, ತಣ್ಣಗಾಗಿ ಪಶ್ಚಿಮಭಾಗ ಬಿಸಿಯಾಗುತ್ತದೆ. ಗಾಳಿ ಬೆಚ್ಚನೆಯ ನೀರನ್ನು ಪಶ್ಚಿಮಕ್ಕೆ ತಳ್ಳಿ ಪೇರಿಸುತ್ತದೆ, ಥರ್ಮೋಕ್ಲೈನ್ ಅಲ್ಲಿ ಕೆಳಗೆ ಒತ್ತಿಹೋಗುತ್ತದೆ. ಹಿಂದೂ ಮಹಾಸಾಗರದ ದ್ವಿಧ್ರುವ ಎಂಬ ಈ ಏರುಪೇರನ್ನು 1999ರಲ್ಲಿ ವಿವರಿಸಿದ ನಾಲ್ವರು ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮತ್ತು ಜಪಾನಿನ ಯಮಗಾತ. ಇವರಲ್ಲಿ ಗೋಸ್ವಾಮಿ ಮತ್ತು ವಿನಯಚಂದ್ರನ್ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದವರು. 2019ರಲ್ಲಿ ಈ ದ್ವಿಧ್ರುವ ಬಹಳ ಬಲವಾಗಿತ್ತು. ದೇಶದ ಮುಂಗಾರು ವಾಡಿಕೆಯ ಶೇ 110ರಷ್ಟಾಗಿ, ಹಿಂದೆ ಸರಿಯಲು ಶುರುಮಾಡಿದ್ದು ಅಕ್ಟೋಬರ್ 9ಕ್ಕೆ. ಮಳೆ ಹೆಚ್ಚಿದ್ದಕ್ಕೆ ಇದೊಂದೇ ಕಾರಣವಲ್ಲ, ಕಾರಣಗಳಲ್ಲಿ ಇದೂ ಒಂದು.

"ಹತ್ತೊಂಬತ್ತನೇ ಇಸವಿ?" ಎಂದರು ಯಜಮಾನರು. "ಹೊಳಿ ಬಂದು ಹಂಪಿ ಮಂಟಪ ಮುಳುಗಿದ ವರ್ಷ. ಮೆಕ್ಕಿಜೋಳ ಹೊಲದಾಗ ಕೊಳೀತು." ಸ್ವಲ್ಪ ಹೊತ್ತು ದ್ವೀಪದ ಕಡೆ ನೋಡಿ, "ಹಂಗಾರ ಅಲ್ಲಿ ಹಗೇದಾಗ ಬಿಸಿ ನೀರು ಹೊಕ್ಕಿತ್ತು ಅನ್ನು" ಎಂದರು.

ಹೊಕ್ಕದ್ದು ನಿಜ, ಆದರೆ ಹಗೇವು ಪೂರ್ತಿ ಹಾಳಾಗಲಿಲ್ಲ. 2020ರಲ್ಲಿ, 2022ರಲ್ಲಿ ಮತ್ತೆ ಹೋಗಿ ನೋಡಿದಾಗ ಆಳದ ಹವಳಗಳು ಬಹುಪಾಲು ಚೇತರಿಸಿಕೊಂಡಿದ್ದವು. ಮುಂದಿನ ಹೊಡೆತ ಎಷ್ಟು ವರ್ಷಕ್ಕೆ ಬಂದರೆ ತಾಳುತ್ತವೆ? ನಮ್ಮ ಕಡೆಯ ಆಳದ ದಿಬ್ಬಗಳ ಪಾಡೇನು? ಹುಡುಗಿಗೆ ಬೇಕಾಗಿರುವುದು ಇದು. ಮಹಾರಾಷ್ಟ್ರದ ತೀರದಿಂದ ನೂರು ಕಿಲೋಮೀಟರಿಗೂ ಆಚೆ, ನೀರಿನ ಮೇಲೆ ಒಂದು ಕಲ್ಲೂ ಕಾಣದಂತೆ, 20 ಮೀಟರ್ ಅಡಿಯಲ್ಲಿ ನೆತ್ತಿಯಿರುವ ಆಂಗ್ರಿಯಾ ಬ್ಯಾಂಕ್ ಎಂಬ ದೊಡ್ಡ ಹವಳದ ದಿಬ್ಬವಿದೆ ಎಂದಳು. ಮರಾಠರ ನೌಕಾಧಿಪತಿ ಕಾನ್ಹೋಜಿ ಆಂಗ್ರೆಯ ಹೆಸರು ಅದಕ್ಕೆ. "ಬ್ಯಾಂಕಾ? ಬೆಳಿ ಸಾಲ ಕೊಡತಾರೇನು?" ಎಂದು ತಂದೆ ಕೇಳಿದ್ದಕ್ಕೆ ದೋಣಿಯವರೂ ನಕ್ಕರು.

ಹಿಂದಿರುಗುವ ದಾರಿಯಲ್ಲಿ ಅವರು ಕೇಳಿದ್ದೆಲ್ಲ ಲೆಕ್ಕದ ಪ್ರಶ್ನೆಗಳು. ಬೇರೆ ಪಾಲಕರಿಗೂ ಬೇಕಾದೀತೆಂದು ಉತ್ತರಗಳನ್ನು ಬರೆಯುತ್ತೇನೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಗೋವೆಯಲ್ಲಿ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಿದೆ. ಹವಳ ಬಿಳಿಚುವ ಮುನ್ಸೂಚನೆ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ ಇರುವುದು ಹೈದರಾಬಾದಿನಲ್ಲಿ, ಅಲ್ಲಿಯೂ ಸಮುದ್ರವಿಲ್ಲ. ನೆಟ್ ಪರೀಕ್ಷೆಯಲ್ಲಿ ಸಂಶೋಧನಾ ವೇತನಕ್ಕೆ ಅರ್ಹತೆ ಪಡೆದರೆ, 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಆ ಪರೀಕ್ಷೆ ಸುಲಭದ್ದಲ್ಲ. ಪಿಎಚ್.ಡಿ. ಮುಗಿಸಲು ಐದಾರು ವರ್ಷ ಬೇಕು. ಮುಗಿದ ಮೇಲೆ ನೌಕರಿ ಖಂಡಿತವೇ ಎಂದು ಕೇಳಿದರು. ಖಂಡಿತವಲ್ಲ ಎಂದೆ. ಬಿ.ಎಡ್. ಮಾಡಿದವರೆಲ್ಲರಿಗೂ ಈಗ ಖಂಡಿತವಿಲ್ಲ ಎಂದೂ ಹೇಳಿದೆ. ಶಿರಸಿ ದಾಟುವವರೆಗೆ ಅವರು ಮಾತಾಡಲಿಲ್ಲ. ಆಮೇಲೆ, ಮಗಳು ನಿದ್ದೆ ಹೋಗಿದ್ದಾಳೆಂದು ಖಚಿತಮಾಡಿಕೊಂಡು, "ನೀರಿನೊಳಗ ಆಕಿ ಹೆದರಲಿಲ್ರಿ ಸರ. ನನ್ನ ಕೈ ಹಿಡಿದು ತೋರಿಸಿದ್ಲು" ಎಂದರು.

ಹುಡುಗಿ ಈಗ ಕಾರವಾರದಲ್ಲಿ ಓದುತ್ತಿದ್ದಾಳೆ. ಬೇಸಿಗೆ ರಜೆಯಲ್ಲಿ ಯಜಮಾನರು ಶಾಲೆಗೆ ಬಂದು, ಬಾವಿಗೆ ಇಳಿಬಿಡುವ ಸೀಸೆ, ಬಿರಡೆ ಮತ್ತು ಒಂದು ಉಷ್ಣಮಾಪಕ ಬೇಕೆಂದರು. ಮಗಳು ವಾರಕ್ಕೊಮ್ಮೆ ಮೇಲಿನ, ನಡುವಿನ, ತಳದ ನೀರಿನ ಬಿಸಿ ನೋಡಿ ಬರೆದಿಡಲು ಹೇಳಿದ್ದಾಳಂತೆ. ಆ ಸೀಸೆ ಇನ್ನೂ ಪ್ರಯೋಗಾಲಯಕ್ಕೆ ಮರಳಿ ಬಂದಿಲ್ಲ. ಸ್ಟಾಕ್ ರಿಜಿಸ್ಟರಿನಲ್ಲಿ ಅದರ ಮುಂದೆ "ಬಳಕೆಯಲ್ಲಿದೆ" ಎಂದು ಬರೆದಿದ್ದೇನೆ.